ಕಾಫಿ ಯಂತ್ರಕ್ಕೊಂದು ವಾಟಗ ಎಸರು

ಅಧಿಕಾರ ಎಷ್ಟು ಸಣ್ಣದಿರುತ್ತದೋ ಅಷ್ಟು ಬೇಗ ತಲೆಗೇರುತ್ತದೆ ಎಂಬುದು ನನ್ನ ಅನುಭವ. ಬೇಕಾದರೆ ಮದುವೆ ಪಂಕ್ತಿಯಲ್ಲಿ ತುಪ್ಪದ ಮಿಳ್ಳೆ ಕೈಗೆ ಸಿಕ್ಕ ಮನುಷ್ಯನನ್ನು ನೋಡಿ. ಐದು ನಿಮಿಷದ ಹಿಂದೆ ನಮ್ಮ ಪಕ್ಕದಲ್ಲೇ ಕೂತು ಬೀಗರನ್ನು ಬೈಯುತ್ತಿದ್ದವನು, ಮಿಳ್ಳೆ ಹಿಡಿದ ಮೇಲೆ ನಮ್ಮ ಹೋಳಿಗೆಗೆ ಎರಡೇ ಹನಿ ಉದುರಿಸಿ, ಊರಿನ ಎಮ್ಮೆಗಳೆಲ್ಲ ತನ್ನವೇ ಎಂಬಂತೆ ಮುಂದೆ ಹೋಗಿಬಿಡುತ್ತಾನೆ. ಇಂಥವರನ್ನು ಕಂಡು ನಾನು ಬಹಳ ನಕ್ಕಿದ್ದೇನೆ. ಆದ್ದರಿಂದ ನನ್ನ ಕೈಗೆ ಒಂದು ಕಾಫಿ ಯಂತ್ರ ಬಂದಾಗ ನಾನು ಹೇಗೆ ನಡೆದುಕೊಂಡೆ ಎಂದು ಹೇಳುವ ಮೊದಲು ನೀವು ಸ್ವಲ್ಪ ದೊಡ್ಡ ಮನಸ್ಸು ಮಾಡಬೇಕು.

ನನ್ನ ಮನೆ ಇಳಕಲ್ಲಿನಲ್ಲಿ, ಕೆಲಸ ಹುನಗುಂದದಲ್ಲಿ, ನೀರಾವರಿಗೆ ಸಂಬಂಧಪಟ್ಟ ಒಂದು ಪುಟ್ಟ ಕಚೇರಿಯಲ್ಲಿ. ಇಷ್ಟು ವರ್ಷದ ಗುಮಾಸ್ತಿಕೆಯಲ್ಲಿ ನನ್ನ ಅಧೀನದಲ್ಲಿದ್ದದ್ದು ಒಂದೇ ಒಂದು ಕಬ್ಬಿಣದ ಕಪಾಟು; ಅದೂ ನನ್ನ ಮಾತು ಕೇಳುತ್ತಿರಲಿಲ್ಲ, ಎಡಗಾಲಿನಿಂದ ಒದ್ದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಕಚೇರಿಯ ಖರೇ ಯಜಮಾನಿ ಎಂದರೆ ಗಂಗವ್ವ. ಆವರಣದ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಕಿಟ್ಲಿ, ಅದರೊಳಗೆ ಬೆಳಗಿನಿಂದ ಸಂಜೆಯವರೆಗೆ ಕುದಿಯುವ ಚಹಾ. ನಾನು ಕೆಲಸಕ್ಕೆ ಹಾಜರಾದ ದಿನ ಕೈಗೆ ಮೊದಲು ಬಂದದ್ದು ಹಾಜರಿ ಪುಸ್ತಕವಲ್ಲ, ಆಕೆಯ ಚಹಾದ ಬಸಿ. "ಹೊಸಬ್ರೇನ್ರಿ? ಮೊದಲ ಚಾ ಕುಡೀರಿ. ಸಹಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಿದ್ದಳು. ಆ ಉಪದೇಶವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಹೋದ ವರ್ಷ ನಮಗೆ ಮೈಸೂರು ಕಡೆಯ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಾಡಿದವರಲ್ಲ. ಅವರ ಕಷ್ಟ ಒಂದೇ, ಕಾಫಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಕಾಫಿ ಎಂದರೆ ಜ್ವರ ಬಂದವರಿಗೆ ಮಾಡಿಕೊಡುವ ಕಷಾಯದ ಪೈಕಿ. ಗಂಗವ್ವನ ಚಹಾ ಕುಡಿದ ಮೊದಲ ದಿನ ಸಾಹೇಬರು ಕಣ್ಣು ಮುಚ್ಚಿ, "ಇದರಲ್ಲಿ ಸಕ್ಕರೆ ಹಾಕಿದ್ದಾರೋ, ಸಕ್ಕರೆಗೆ ಇದನ್ನು ಹಾಕಿದ್ದಾರೋ?" ಎಂದು ಕೇಳಿದರು. ಮೂರು ವಾರ ತಡೆದುಕೊಂಡು, ನಾಲ್ಕನೆಯ ವಾರ ಊರಿಗೆ ಹೋಗಿ ಬರುವಾಗ ಸೂಟ್‌ಕೇಸಿನ ಜೊತೆ ಒಂದು ಕರಿಯ ಪೆಟ್ಟಿಗೆ ತಂದರು. ಅದೇ ಯಂತ್ರ.

ಅದರ ಜೊತೆ ಒಂದು ಇಂಗ್ಲಿಷ್ ಪುಸ್ತಿಕೆ ಇತ್ತು. ಓದಿ ಎಂದಾಗ ಎಲ್ಲರೂ ಚಾಳೀಸು ಮನೆಯಲ್ಲಿ ಬಿಟ್ಟು ಬಂದದ್ದನ್ನು ಏಕಕಾಲಕ್ಕೆ ನೆನಪಿಸಿಕೊಂಡರು. ನನ್ನದು ಮೂಗಿನ ಮೇಲೇ ಇತ್ತು. "ಇನ್ನು ಮೇಲೆ ಇದರ ಸಂಪೂರ್ಣ ಜವಾಬ್ದಾರಿ ನಿಮ್ಮದು" ಎಂದರು ಸಾಹೇಬರು. ಸಂಪೂರ್ಣ ಎಂಬ ಶಬ್ದವನ್ನು ನನ್ನ ಬಗ್ಗೆ ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ.

ಒಂದು ಭಾನುವಾರವಿಡೀ ಪುಸ್ತಿಕೆ ಓದಿದೆ. ಕೊನೆಗೆ ತಿಳಿದದ್ದು, ಇದು ಬೇರೇನೂ ಅಲ್ಲ, ಏತ ನೀರಾವರಿ! ಹಿಂದೆ ಒಂದು ನೀರಿನ ತೊಟ್ಟಿ, ಅದು ನಮ್ಮ ಹಿನ್ನೀರು. ಒಳಗೊಂದು ಪುಟ್ಟ ಪಂಪು, ನೀರನ್ನು ಎತ್ತಿ ಕಾದ ಕೊಳವೆಯೊಳಗೆ ದೂಡುತ್ತದೆ. ಮುಂದೆ ಪಾಡ್ ಎಂಬ ಪುಟ್ಟ ಬಟ್ಟಲು, ಅದರೊಳಗೆ ಕಾಫಿ ಪುಡಿ, ಮೇಲೆ ಬೆಳ್ಳಿಯಂಥ ಹಾಳೆಯ ಮುಚ್ಚಳ. ಅದೇ ನಮ್ಮ ಹೊಲ. ಹಿಡಿಕೆ ಒತ್ತಿದರೆ ಮೇಲೊಂದು ಕೆಳಗೊಂದು ಸೂಜಿ ಬಟ್ಟಲಿಗೆ ಚುಚ್ಚುತ್ತವೆ. ಮೇಲಿನ ತೂತಿನಿಂದ ಬಿಸಿನೀರು ನುಗ್ಗುತ್ತದೆ, ಕೆಳಗಿನ ತೂತಿನಿಂದ ಕಾಫಿ ಇಳಿಯುತ್ತದೆ. ಒಂದು ಪಾಡ್, ಒಂದು ಕಪ್ಪು, ಒಬ್ಬ ಮನುಷ್ಯ. ಸೇವೆಯೂ ಅಷ್ಟೇ: ತೊಟ್ಟಿಯ ನೀರು ದಿನಾ ಬದಲಿಸಬೇಕು, ಪಾಡ್ ಇಲ್ಲದೆ ಒಮ್ಮೆ ಬರೀ ನೀರು ಬಿಟ್ಟು ಅದರ ಬಾಯಿ ಮುಕ್ಕಳಿಸಬೇಕು, ಹನಿ ಬೀಳುವ ತಟ್ಟೆ ತೊಳೆಯಬೇಕು, ಸೂಜಿಯಲ್ಲಿ ಪುಡಿ ಕಟ್ಟಿದರೆ ಬಿಡಿಸಬೇಕು. ಇದಕ್ಕೆ ನಾನು ಫೈಲಿಗೆ ಚುಚ್ಚುವ ಗುಂಡುಪಿನ್ನನ್ನು ಬಳಸಿದೆ. ನನ್ನ ಸರ್ವಿಸಿನಲ್ಲಿ ಗುಂಡುಪಿನ್ನಿನಿಂದ ಒಂದು ಕೆಲಸ ಮುಂದೆ ಸರಿದದ್ದು ಅದೇ ಮೊದಲು.

ಆದರೆ ಪುಸ್ತಿಕೆ ಬರೆದವನು ಹುನಗುಂದ ನೋಡಿದವನಲ್ಲ. ಒಂದು ಕಪ್ಪು, ಒಬ್ಬ ಮನುಷ್ಯ ಎಂದುಬಿಟ್ಟಿದ್ದಾನೆ. ನಮ್ಮ ಕಚೇರಿಗೆ ಒಬ್ಬ ಮನುಷ್ಯ ಬಂದ ಉದಾಹರಣೆಯೇ ಇಲ್ಲ. ರಾಮಥಾಳದ ರೈತನೊಬ್ಬ ಅರ್ಜಿ ಕೊಡಲು ಬಂದರೆ ಜೊತೆಗೆ ಅವನ ಅಳಿಯ, ಅರ್ಜಿ ಬರೆದವನು, ಬಸ್ಸಿನಲ್ಲಿ ಸಿಕ್ಕವನು, ಮತ್ತು ಯಾಕೆ ಬಂದೆನೆಂದು ತನಗೇ ಗೊತ್ತಿಲ್ಲದ ಒಬ್ಬ ಹಿರಿಯ. ಸಾಹೇಬರೋ ಧಾರಾಳಿ, "ಎಲ್ಲರಿಗೂ ಕಾಫಿ ಕೊಡಿ" ಎನ್ನುವರು. ಯಂತ್ರ ಒಂದೊಂದೇ ಕಪ್ಪು ಹಡೆಯುವುದು. ಮೊದಲ ಕಪ್ಪು ಹಿರಿಯನ ಮುಂದಿಟ್ಟರೆ ಆತ ಮುಟ್ಟಲೊಲ್ಲ. "ಎಲ್ಲಾರಿಗೂ ಬರ್ಲಿ ತಡೀರಿ." ಐದನೆಯದು ಬರುವಷ್ಟರಲ್ಲಿ ಮೊದಲನೆಯದು ತಣ್ಣಗೆ ಕೊರೆಯುತ್ತಿತ್ತು. ಆಮೇಲೆ, "ನನಗ ಅರ್ಧ ಸಾಕು, ನೀ ತಗೋ" ಎಂದು ಬಸಿಯಿಂದ ಬಸಿಗೆ ಸುರಿದಾಟ. ಹೋಗುವಾಗ ಎಲ್ಲರೂ ಬೇವಿನ ಮರದ ಕೆಳಗೆ ನಿಂತು ಬಾಯಿ ಸರಿ ಮಾಡಿಕೊಳ್ಳಲು ಚಹಾ ಕುಡಿಯುತ್ತಿದ್ದರು.

ನನಗೆ ಇದರಿಂದ ಸಿಟ್ಟು ಬರತೊಡಗಿತು. ಯಂತ್ರದ ಮರ್ಯಾದೆ ನನ್ನ ಮರ್ಯಾದೆ ಎನ್ನುವ ಮಟ್ಟಕ್ಕೆ ಬಂದಿದ್ದೆ. ಯಾರಾದರೂ ಹಿಡಿಕೆ ಮುಟ್ಟಿದರೆ "ಕೈ ತೊಳಕೊಂಡೀರೇನು?" ಎಂದು ಗದರಿಸುತ್ತಿದ್ದೆ. ದಿನಾ ಬೆಳಿಗ್ಗೆ ಗುಣಮಟ್ಟದ ಪರೀಕ್ಷೆಗೆಂದು ಒಂದು ಕಪ್ಪು ನಾನೇ ಕುಡಿಯುತ್ತಿದ್ದೆ, ಮಧ್ಯಾಹ್ನ ಪರೀಕ್ಷೆಯ ಪರೀಕ್ಷೆಗೆಂದು ಇನ್ನೊಂದು. ಆಯುಧ ಪೂಜೆಯ ದಿನ ಭಕ್ತಿಯಿಂದ ಕುಂಕುಮ ಏರಿಸಿದ್ದು ಸ್ವಲ್ಪ ತೊಟ್ಟಿಯೊಳಗೆ ಬಿದ್ದು ಎರಡು ದಿನ ಕೆಂಪು ಕಾಫಿ ಬಂತು. ಕಾಫಿಯ ಬಣ್ಣವೇ ಹಾಗೆಂದು ಎಲ್ಲರೂ ನಂಬಿ ಕುಡಿದರು.

ಹೀಗಿರುವಾಗ ಒಂದು ದಿನ ಸಾಹೇಬರು ಕಿಟಕಿಯಿಂದ ಬಂದ ಹೊಗೆಗೆ ಕೆಮ್ಮುತ್ತ ನನ್ನನ್ನು ಕರೆದರು. "ನೋಡಿ, ಯಂತ್ರ ಇದೆಯಲ್ಲ, ಇನ್ನು ಆ ಒಲೆ ಯಾಕೆ? ಮುಂದಿನ ವಾರ ದೊಡ್ಡ ಸಾಹೇಬರು ಪರಿಶೀಲನೆಗೆ ಬರುತ್ತಾರೆ. ಅವರಿಗೂ ಯಂತ್ರದ ಕಾಫಿಯನ್ನೇ ಕೊಡೋಣ. ಅವರು ಒಪ್ಪಿದರೆ ಮರುದಿನವೇ ಒಲೆ ಎತ್ತಿಸಿಬಿಡಿ. ನೀವೇ ನಿಂತು ಮಾಡಿಸಿ, ನಿಮ್ಮ ಮಾತು ಆಕೆ ಕೇಳುತ್ತಾಳೆ" ಎಂದರು. ನಾನು ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅವರು, "ನೀವಿಲ್ಲದಿದ್ದರೆ ಈ ಯಂತ್ರ ಯಾರಿಂದ ನಡೀತಿತ್ತು ಹೇಳಿ" ಎಂದುಬಿಟ್ಟರು. ನನ್ನ ಬಾಯಿ ಮುಚ್ಚಿ, ಎದೆ ಉಬ್ಬಿತು.

ಸುದ್ದಿ ನನಗಿಂತ ಮೊದಲೇ ಬೇವಿನ ಮರ ಮುಟ್ಟಿತ್ತು. ಗಂಗವ್ವ ಬೂದಿ ಕೆದಕುತ್ತ ಕೂತಿದ್ದಳು. "ಖರೇನ್ರಿ ರಾಘಣ್ಣಾರ? ಒಲಿ ಹೋದ್ರ ನಾ ಮಂದಿ ಹೊಲದಾಗ ಕಳೇವು ತಗಿಯಾಕ ಹೋಗಬೇಕು. ಮೊಣಕಾಲ ಬಗ್ಗಂಗಿಲ್ರಿ ಈಗ" ಎಂದಳು. "ಹಂಗೇನಿಲ್ಲ ಬಿಡ ಗಂಗವ್ವ, ನಾ ಸಾಹೇಬರ ಜೋಡಿ ಮಾತಾಡ್ತೇನಿ" ಎಂದೆ. ಮಾತಾಡಲಿಲ್ಲ. ನಾಳೆ ಮಾತಾಡಿದರಾಯಿತು ಎಂದುಕೊಂಡೆ. ಆ ನಾಳೆಯನ್ನು ಐದು ದಿನ ಎಳೆದೆ. ಇದನ್ನು ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅದೇ ವಾರ ಯಂತ್ರದ ಕೆಂಪು ದೀಪ ಮಿಣುಕತೊಡಗಿತು. ಪಂಪು ನರಳುತ್ತದೆ, ಕಾಫಿ ಹನಿ ಹನಿ. ಪುಸ್ತಿಕೆ ನೋಡಿದರೆ ಒಳಗಿನ ಕೊಳವೆಗೆ ಸುಣ್ಣ ಕಟ್ಟಿದೆ, ಅದಕ್ಕೆಂದೇ ಇರುವ ದ್ರಾವಣ ಹಾಕಿ ಬಿಡಿಸಿ ಎಂದಿದೆ. ನಮ್ಮ ಗಡಸು ನೀರಿಗೆ ಸ್ನಾನದ ಹಂಡೆಯೇ ಒಳಗೆ ಬಿಳಿ ಸಿಮೆಂಟು ಬಳಿದಂತಾಗುತ್ತದೆ, ಈ ಬಡಪಾಯಿ ಕೊಳವೆ ಎಷ್ಟು ತಡೆದೀತು! ದ್ರಾವಣ ಬಾಗಲಕೋಟೆಯಲ್ಲೂ ಸಿಗಲಿಲ್ಲ. ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ಕಂಗಾಲಾಗಿ ನಿಂತಿದ್ದವನನ್ನು ಗಂಗವ್ವ ಕರೆದಳು. "ಏನಾಗೈತ್ರಿ ಅದಕ್ಕ?"

"ಒಳಗ ಸುಣ್ಣ ಕಟ್ಟೇದ."

"ಅಷ್ಟ ಹೌದಲ್ರೀ? ನನ್ನ ಕಿಟ್ಲಿಗೂ ಕಟ್ಟತೈತಿ. ಲಿಂಬಿಹಣ್ಣಿನ ರಸಾ ನೀರಾಗ ಹಾಕಿ ಕಾಸ್ರಿ, ಒಂದೀಟ ಹೊತ್ತು ಬಿಡ್ರಿ, ಆಮ್ಯಾಲ ಎರಡ ಸಲ ಬರೇ ನೀರ ಬಿಡ್ರಿ." ತನ್ನ ಬುಟ್ಟಿಯಿಂದ ನಾಲ್ಕು ಲಿಂಬೆಹಣ್ಣು ತೆಗೆದು ಕೊಟ್ಟಳು. ರಸ ಸೋಸಿ ತೊಟ್ಟಿಗೆ ಹಾಕಿದೆ. ಯಂತ್ರ ಒಂದು ಗಂಟೆ ಕೆಮ್ಮಿ, ಬಿಳಿ ಚೂರುಗಳನ್ನು ಉಗುಳಿ, ಮೊದಲಿಗಿಂತ ಚುರುಕಾಯಿತು. ತನ್ನ ಒಲೆ ಕೀಳಲು ಬಂದದ್ದಕ್ಕೆ ತಾನೇ ಮದ್ದು ಕೊಟ್ಟು ಬದುಕಿಸಿದ್ದಳು. ನಾನು ಆಕೆಗೆ ಹೇಳಿದ್ದು ಒಂದೇ ಮಾತು, "ಭಾಳ ಉಪಕಾರ ಆತು."

ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಪಾಡ್‌ಗಳ ಡಬ್ಬಿ ತೆರೆದೆ. ಖಾಲಿ. ಅರ್ಜಿದಾರರ ಅಳಿಯಂದಿರು ಅರ್ಧ ಮುಗಿಸಿದ್ದರು, ನನ್ನ ಪರೀಕ್ಷೆಗಳು ಉಳಿದರ್ಧ. ಬೆಂಗಳೂರಿನಿಂದ ತರಿಸಿದರೆ ನಾಲ್ಕು ದಿನ. ಸಾಹೇಬರು ಕೇಳಿದಾಗ "ಬೇಕಾದಷ್ಟಿವೆ ಸರ್" ಎಂದು ಆಗಲೇ ಹೇಳಿಯಾಗಿತ್ತು.

ನಮ್ಮ ಮಂದಿಗೆ ಒಂದು ಗುಣವಿದೆ. ಖಾಲಿಯಾದ ಡಬ್ಬಿಯನ್ನು ನಾವು ಎಸೆಯುವುದಿಲ್ಲ. ನಾನೂ ಬಳಸಿದ ಪಾಡ್‌ಗಳನ್ನು ಮುಚ್ಚಳ ಕಿತ್ತು ತೊಳೆದು, ಮುಂದೆ ಬೇಕಾದೀತೆಂದು ಕಪಾಟಿನಲ್ಲಿ ಪೇರಿಸಿಟ್ಟಿದ್ದೆ. ಪೇಟೆಯಿಂದ ಕಾಫಿ ಪುಡಿ ತಂದು ತುಂಬಿದರಾಯಿತು. ಕೆಳಗಿನ ತೂತು ಮೊದಲೇ ಇತ್ತು, ಕೊರತೆ ಮೇಲಿನ ಮುಚ್ಚಳದ್ದು. ಅಂಟು ಬಳಿದರೆ ವಿಷ, ಕಾಗದ ನೆನೆಯುತ್ತದೆ. ಆಗ ನನಗೆ ನನ್ನ ಹೆಂಡತಿ ಹಬೆ ಹೋಗದಂತೆ ಪಾತ್ರೆಯ ಅಂಚಿಗೆ ಹಿಟ್ಟು ಮೆತ್ತುವುದು ನೆನಪಾಯಿತು. ಜೋಳದ ಹಿಟ್ಟು! ರೊಟ್ಟಿ ಬಡಿದಂತೆ ತೆಳ್ಳಗೆ ಬಡಿದು ಬಾಯಿ ಮುಚ್ಚಿದರೆ ಸೂಜಿಗೂ ಮೆತ್ತಗೆ, ನೀರಿಗೂ ಗಟ್ಟಿ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು ಹಿಟ್ಟಿನ ಚೀಲ ಬಿಚ್ಚಿದೆ. ಜೋಳದ ಹಿಟ್ಟಿಗೆ ಜಿಗುಟು ಬರಬೇಕಾದರೆ ಕುದಿಯುವ ನೀರಿನಲ್ಲೇ ಕಲಸಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಆ ಕುದಿನೀರಿಗೆ ನಾವು ಎಸರು ಎನ್ನುವುದು. ವಾಟಗ ಎಂದರೆ ಬಟ್ಟಲು, ಅದನ್ನು ಹಿಡಿದು ಅಂಗಳಕ್ಕೆ ಹೋಗಿ, "ಗಂಗವ್ವ, ಒಂದು ವಾಟಗ ಎಸರ ಕೊಡು" ಎಂದೆ. ಆಕೆ ನನ್ನ ಮುಂಗೈಗೆ ಮೆತ್ತಿದ್ದ ಹಿಟ್ಟು ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳದೆ ವಾಟಗದ ತುಂಬ ಸುರಿದು ಕೊಟ್ಟಳು. ಮನಸ್ಸಿಟ್ಟು ನಾದಿದೆ. ಹತ್ತು ಪಾಡ್‌ಗಳು ಪುಟ್ಟ ಪುಟ್ಟ ರೊಟ್ಟಿ ಹೊದ್ದು ಸಾಲಾಗಿ ಕೂತವು.

ದೊಡ್ಡ ಸಾಹೇಬರು ಏಳು ಜನರೊಂದಿಗೆ ಬಂದರು. ನಮ್ಮ ಸಾಹೇಬರು ಯಂತ್ರದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ನನಗೆ ಕಣ್ಸನ್ನೆ ಮಾಡಿದರು. ಪಾಡ್ ಇಟ್ಟೆ, ಹಿಡಿಕೆ ಒತ್ತಿದೆ. ಯಂತ್ರ ಒಮ್ಮೆ ಗುರ್ ಎಂದಿತು. ಆಮೇಲೆ ಬಸುರಿ ಎಮ್ಮೆಯಂತೆ ಉಸಿರು ಬಿಟ್ಟಿತು. ಒಳಗೆ ಬಿಸಿನೀರಿನ ಒತ್ತಡಕ್ಕೆ ರೊಟ್ಟಿ ಕರಗಿ, ಹಿಟ್ಟು ಬೆಂದು, ಪುಡಿಯ ಜೊತೆ ಸೇರಿ, ಕೆಳಗಿನ ಕೊಳವೆಯಿಂದ ಕಂದು ಬಣ್ಣದ ದಪ್ಪ ಎಳೆಯೊಂದು ನಿಧಾನವಾಗಿ ಇಳಿಯತೊಡಗಿತು. ಇಳಿಯಿತು, ಇಳಿಯಿತು, ನಿಲ್ಲಲೇ ಇಲ್ಲ. ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಕಪ್ಪು ತುಂಬಿ, ಬಸಿ ತುಂಬಿ, ಹನಿ ತಟ್ಟೆ ತುಂಬಿ, ಪರಿಶೀಲನೆಯ ಕಾಗದಗಳ ಕಡೆಗೆ ಹೊರಟಿತು. ಕೊನೆಗೆ ನಾನು ಪ್ಲಗ್ ಕಿತ್ತೆ.

ದೊಡ್ಡ ಸಾಹೇಬರು ಕಪ್ಪೆತ್ತಿ ಒಂದು ಗುಟುಕು ಕುಡಿದರು. "ಏನ್ರಿ ಇದು?"

"ಕಾಫಿ ಸರ್" ಎಂದರು ನಮ್ಮ ಸಾಹೇಬರು, ಹಣೆ ಒರೆಸಿಕೊಳ್ಳುತ್ತ.

"ನಾ ಬಾದಾಮಿ ಕಡೆಯಾಂವ. ನನಗ ಅಂಬಲಿ ಗೊತ್ತಾಗಂಗಿಲ್ಲೇನು?" ಇನ್ನೊಂದು ಗುಟುಕು ಕುಡಿದು ಯೋಚಿಸಿದರು. "ಉಪ್ಪು ಬಿದ್ದಿಲ್ಲ. ಒಂದೀಟ ಮಜ್ಜಿಗಿ ಹಾಕಿದ್ರ ಚಲೋ ಆಗ್ತಿತ್ತು." ಕಪ್ಪು ಕೆಳಗಿಟ್ಟು ಕಿಟಕಿಯತ್ತ ಮೂಗೆತ್ತಿದರು. "ಅಲ್ಲಿ ಕುದಿಯಾಕತ್ತಿದ್ದು ಚಾ ಹೌದಲ್ರೀ? ಅದನ್ನ ತರಸ್ರಿ ಮೊದಲ."

ಗಂಗವ್ವ ತಟ್ಟೆ ಹೊತ್ತು ಬಂದಳು. ಎಂಟು ಕಪ್ಪುಗಳು ಒಟ್ಟಿಗೇ ಬಂದವು, ಎಂಟೂ ಬಿಸಿ, ಎಲ್ಲರೂ ಒಟ್ಟಿಗೇ ಎತ್ತಿದರು. ಬಸಿಗೆ ಸುರಿದು ಸುರ್ ಎನ್ನಿಸಿದ ಮೇಲೆ ದೊಡ್ಡ ಸಾಹೇಬರು ಒಲೆಯ ವಿಷಯ ಕೇಳಿ, "ಹೊಗಿ ಬರ್ತದಂದ್ರ ಒಲಿ ಮರದ ಆ ಕಡೆ ಸರಸ್ರಿ, ಅಷ್ಟ" ಎಂದರು. ಒಲೆ ಆರು ಅಡಿ ಸರಿಯಿತು. ಯಂತ್ರ ನನ್ನ ಕಪಾಟಿಗೆ ಸೇರಿತು. ನನ್ನ ಹೆಂಡತಿ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಅದಕ್ಕೊಂದು ಗವಸು ಹೊಲಿದಿದ್ದಾಳೆ. ನಮ್ಮ ಸಾಹೇಬರಿಗೆ ಈಗ ಗಂಗವ್ವನೇ ಕಾಫಿ ಕಾಸಿ ಕೊಡುತ್ತಾಳೆ. ಅವರು ಔಷಧ ಕುಡಿದಂತೆ ಮುಖ ಮಾಡಿ, ಎರಡು ಸಲ ಕೇಳಿ ಕುಡಿಯುತ್ತಾರೆ.

ಆದರೆ ಕಚೇರಿಯಲ್ಲಿ ಒಂದು ಸುದ್ದಿ ಹಬ್ಬಿತು. ರಾಘಣ್ಣ ಗಂಗವ್ವನ ಒಲೆ ಉಳಿಸಲು ಬೇಕಂತಲೇ ಯಂತ್ರಕ್ಕೆ ಹಿಟ್ಟು ಹಾಕಿದ, ಸಾಹೇಬರ ಸಿಟ್ಟನ್ನೂ ಲೆಕ್ಕಿಸಲಿಲ್ಲ ಎಂದು. ಒಬ್ಬರು ನನ್ನ ಕೈ ಹಿಡಿದು ಕುಲುಕಿದರು. ಇನ್ನೊಬ್ಬರು ತಮ್ಮ ಊಟದ ಡಬ್ಬಿಯಿಂದ ಶೇಂಗಾ ಹೋಳಿಗೆ ಕೊಟ್ಟರು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಹೋಳಿಗೆ ತಿಂದೆ.

ಆ ಸಂಜೆ ಬೇವಿನ ಮರದ ಕೆಳಗೆ ಗಂಗವ್ವ ಚಹಾ ಸೋಸುತ್ತ ಹೇಳಿದಳು, "ಎಲ್ಲಾರೂ ನೀವು ಬೇಕಂತ ಕೆಡಿಸೀರಿ ಅಂತಾರ್ರಿ." ನಾನು ವಿನಯದಿಂದ ಮರದ ತುದಿ ನೋಡಿದೆ. ಆಕೆ ತಲೆ ಎತ್ತಲಿಲ್ಲ. "ಕೆಡಸಾವ್ರು ಹಿಟ್ಟು ತಣ್ಣೀರಾಗ ಕಲಸ್ತಾರ್ರಿ. ಬಿರೀಬಾರ್ದು ಅನ್ನಾವ್ರಿಗೆ ಎಸರ ಬೇಕಾಗತೈತಿ."

ನಾನು ಮರದ ತುದಿ ಬಿಟ್ಟು ಒಲೆಯ ಬೂದಿ ನೋಡಿದೆ. "ಗೊತ್ತಿದ್ದೂ ಯಾಕ ಕೊಟ್ಟಿ?"

"ಕೇಳಿದ್ರಿ, ಕೊಟ್ಟೆ. ನೀರ ಕುದಿಯಾಕತ್ತಿತ್ತು." ಎಂದಿನಂತೆ ಕಪ್ಪಿನ ಅಂಚಿನವರೆಗೂ ತುಂಬಿಸಿ ನನ್ನ ಕೈಗಿಟ್ಟಳು. ಕೈ ಸುಟ್ಟರೂ ಕೆಳಗಿಡಲು ಧೈರ್ಯವಾಗಲಿಲ್ಲ.

ಆಕೆ ಇದನ್ನು ಯಾರಿಗೂ ಹೇಳಿಲ್ಲ. ಆದರೆ ಈಗ ನಾಲ್ಕು ಜನರ ನಡುವೆ ನಾನು ಒಲೆಯ ಹತ್ತಿರ ಹೋದರೆ ಸಾಕು, ಕಿಟ್ಲಿ ಎತ್ತಿ ಹಿಡಿದು, "ಏನ ಕೊಡ್ಲಿ ರಾಘಣ್ಣಾರ, ಚಾನೋ, ಎಸರೋ?" ಎಂದು ಕೇಳುತ್ತಾಳೆ. ಏನೂ ತಿಳಿಯದಿದ್ದರೂ ಎಲ್ಲರೂ ನಗುತ್ತಾರೆ. ಅವರೆಲ್ಲರಿಗಿಂತ ಜೋರಾಗಿ ನಾನು ನಗುತ್ತೇನೆ.