ಉಳವಪ್ಪ ಮಾಸ್ತರರ ಪ್ರಣಯಪಕ್ಷಿಗಳು

ಹೆಂಡತಿಗೆ ದಾಂಪತ್ಯದ ಪಾಠ ಹೇಳುವುದಕ್ಕೆಂದು ಮುಂಬಯಿಯಿಂದ ಎರಡು ಹಕ್ಕಿ ತರಿಸಿದ ಗಂಡಸು ಶಿಗ್ಗಾಂವಿಯ ಚರಿತ್ರೆಯಲ್ಲಿ ಉಳವಪ್ಪ ಮಾಸ್ತರರೊಬ್ಬರೇ. ಅವರಿಗಿಂತ ಮುಂಚೆ ಯಾರಿಗೂ ಆ ಬುದ್ಧಿ ಬಂದಿರಲಿಲ್ಲ. ಅವರ ಗತಿ ಕಂಡ ಮೇಲೆ ಇನ್ನು ಯಾರಿಗೂ ಬರುವ ಸಂಭವವೂ ಇಲ್ಲ.

ಮಾಸ್ತರರು ಕನಸಿನ ಮನುಷ್ಯ. ಕನ್ನಡ ಶಾಲೆಯಲ್ಲಿ ಉಕ್ತಲೇಖನ ಹೇಳುತ್ತಿರುವಾಗ ಕಿಟಕಿಯಾಚೆ ಒಂದು ಬಿಳಿ ಮೋಡ ಕಂಡರೆ ಸಾಕು, ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಅದರ ಹಿಂದೆ ಹೋಗಿಬಿಡುವರು. (ವಿದ್ಯಾರ್ಥಿಗಳು ಆ ಅರ್ಧ ವಾಕ್ಯಕ್ಕೇ ಪೂರ್ಣವಿರಾಮ ಹಾಕಿ ಮನೆಗೆ ಹೋಗುವರು.) ೧೯೩೮ರ ಬೇಸಿಗೆಯಲ್ಲಿ ಒಬ್ಬಳೇ ಮಗಳು ಮದುವೆಯಾಗಿ ಹಿರೇಕೆರೂರಿಗೆ ಹೋದಳು. ಮನೆಯಲ್ಲಿ ಗಂಡಹೆಂಡಿರಿಬ್ಬರೇ ಉಳಿದರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಮಾಸ್ತರರು ಹೆಂಡತಿ ವೀರವ್ವನನ್ನು ಬಿಡುವಾಗಿ ನೋಡಿದರು. ನೋಡಿ ನಿಟ್ಟುಸಿರು ಬಿಟ್ಟರು.

ಕೆಲಸದಲ್ಲಿ ಆಕೆಗೆ ಎಣೆಯಿರಲಿಲ್ಲ. ಆದರೆ ತಾಟನ್ನು ಮುಂದೆ ಕುಕ್ಕಿ, "ಉಣ್ರಿ" ಅನ್ನುವಳು. ಮೊರ ಎತ್ತಿಕೊಂಡು ಹೋಗಿಬಿಡುವಳು. ಆ "ಉಣ್ರಿ"ಯಲ್ಲಿ ಉಪ್ಪು ಖಾರ ಬೇಕಾದಷ್ಟಿದ್ದವು, ಸಕ್ಕರೆ ಮಾತ್ರ ಇರಲಿಲ್ಲ. ಮಾಸ್ತರರಿಗೆ ಬೇಕಾಗಿದ್ದುದು ಸಕ್ಕರೆ.

ಹೀಗಿರುವಾಗ ಸವಣೂರಿನ ನಬೀಸಾಬ ಸಿಕ್ಕ. ಅವನು ಸವಣೂರ ವೀಳ್ಯದೆಲೆಯ ಪೆಂಡಿಗಳನ್ನು ಮುಂಬಯಿಗೆ ಒಯ್ದು ಮಾರುವವನು. ಅಲ್ಲಿನ ಶ್ರೀಮಂತರ ಮನೆಗಳಲ್ಲಿ ಲವ್ ಬರ್ಡ್ಸ್ ಅನ್ನುವ ಗಿಳಿಯ ಜಾತಿಯ ಪುಟ್ಟ ಹಕ್ಕಿಗಳಿರುತ್ತವೆ, ಜೋಡಿ ಬಿಟ್ಟು ಅರೆಗಳಿಗೆ ಅಗಲುವುದಿಲ್ಲ ಎಂದು ಎಲೆ ಮಡಿಸುತ್ತಲೇ ಹೇಳಿದ. ಮಾಸ್ತರರು ನಿಂತಲ್ಲೇ ಅವಕ್ಕೆ 'ಪ್ರಣಯಪಕ್ಷಿ' ಎಂದು ಕನ್ನಡದಲ್ಲಿ ನಾಮಕರಣ ಮಾಡಿದರು. ಮುಂದಿನ ಸಲ ನಬೀಸಾಬ ಒಂದು ಪಂಜರ ಹೊತ್ತುಕೊಂಡೇ ಬಂದ. ಒಳಗೆ ಎರಡು ಹಕ್ಕಿ. ಹಸಿರು ಮೈ, ಬಾಲದ ಬುಡದಲ್ಲಿ ನೀಲಿ, ಈಗಷ್ಟೇ ನಾಚಿಕೊಂಡಂಥ ಕೆಂಪು ಮುಖ. ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಿದರೆ ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ.

"ಒಂದು ಗಂಡು, ಒಂದು ಹೆಣ್ಣು, ಇಷ್ಟು ಖಾತ್ರಿ," ಎಂದ ನಬೀಸಾಬ. "ಯಾವುದು ಯಾವುದು ಅಂತ ನನ್ನ ಕೇಳಬ್ಯಾಡ್ರಿ ಮಾಸ್ತರ್ರ."

ಮಾಸ್ತರರು ಕೇಳಲೂ ಇಲ್ಲ. ಪಡಸಾಲೆಯ ತೊಲೆಗೆ ಪಂಜರ ತೂಗುಹಾಕಿ, ನೋಟುಬುಕ್ಕು ಹಿಡಿದು ಎದುರಿಗೆ ಕುಳಿತರು. ಎಳೆ ಬಿಸಿಲು ಪಂಜರದ ಸರಳುಗಳ ನಡುವೆ ಸೋಸಿ ಬೀಳುವಾಗ ಹಕ್ಕಿಗಳೆರಡೂ ಒಂದಕ್ಕೊಂದು ಒತ್ತಿಕೊಂಡು, ಒಂದು ಇನ್ನೊಂದರ ಕತ್ತಿನ ಪುಕ್ಕ ಬಿಡಿಸುತ್ತ, ಕಣ್ಣು ಅರೆಮುಚ್ಚಿ ಕೂತಿರುತ್ತಿದ್ದವು. ನೋಡುತ್ತ ನೋಡುತ್ತ ಮಾಸ್ತರರ ಕಣ್ಣೂ ಅರೆಮುಚ್ಚುತ್ತಿದ್ದವು. ಶಾಲೆಯ ಗಂಟೆ ಬಾರಿಸಿದಾಗಲೇ ಅವರು ಭೂಲೋಕಕ್ಕೆ ಇಳಿಯುತ್ತಿದ್ದುದು.

ವಾರದೊಳಗೆ ಶೋಧನೆ ಮುಗಿಯಿತು. ಒಂದು ಹಕ್ಕಿ ತಲೆ ಬಾಗಿಸಿ ಬಾಗಿಸಿ, ತಾನು ತಿಂದ ಕಾಳನ್ನೇ ಮತ್ತೆ ಕೊಕ್ಕಿಗೆ ತಂದುಕೊಂಡು ಇನ್ನೊಂದರ ಬಾಯಿಗೆ ಇಡುತ್ತಿತ್ತು. ಇನ್ನೊಂದು ಮೈ ಉಬ್ಬಿಸಿಕೊಂಡು ಕೂತು ತಿನ್ನುತ್ತಿತ್ತು. ತಡವಾದರೆ ಗದರಿಸುತ್ತಿತ್ತು, ಕಾಳಿನ ಬಟ್ಟಲಿನಿಂದ ನೂಕುತ್ತಿತ್ತು, ಒಮ್ಮೊಮ್ಮೆ ಕಾಲ್ಬೆರಳನ್ನೇ ಕಚ್ಚುತ್ತಿತ್ತು. ಉಣಿಸುವವಳು ಹೆಂಡತಿ, ಉಣ್ಣುವವನು ಗಂಡ. ಇದಕ್ಕೆ ಮುಂಬಯಿಯ ಪಂಡಿತರೇಕೆ ಬೇಕು? ಮೊದಲನೆಯದಕ್ಕೆ 'ದೇವಿ' ಎಂದೂ ಎರಡನೆಯದಕ್ಕೆ 'ಯಜಮಾನರು' ಎಂದೂ ಹೆಸರಾಯಿತು. ಯಜಮಾನರಿಗೆ ಇನ್ನೊಂದು ಅಭ್ಯಾಸವಿತ್ತು. ಪಂಜರದ ತಳಕ್ಕೆ ಹಾಸಿದ ವರ್ತಮಾನಪತ್ರವನ್ನು ಕೊಕ್ಕಿನಿಂದ ನೀಟಾಗಿ ಉದ್ದುದ್ದ ಕತ್ತರಿಸಿ, ಆ ಪಟ್ಟಿಗಳನ್ನು ಬಾಲದ ಪುಕ್ಕಗಳ ನಡುವೆ ಸಿಕ್ಕಿಸಿಕೊಂಡು ಗಂಭೀರವಾಗಿ ತಿರುಗಾಡುವರು. ಮಾಸ್ತರರು ನೋಟುಬುಕ್ಕಿನಲ್ಲಿ 'ವಿದ್ಯಾವ್ಯಾಸಂಗ' ಎಂದು ಬರೆದು ಕೆಳಗೆ ಗೆರೆ ಎಳೆದರು.

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ದೇವಿಯ ಪಾತಿವ್ರತ್ಯದ ಪಾರಾಯಣ. ವೀರವ್ವ ನಾಲ್ಕು ದಿನ ಕೇಳಿದಳು. ಐದನೆಯ ದಿನ ಸಾರಿನ ಸೌಟು ಹಿಡಿದೇ ಕೇಳಿದಳು:

"ಆ ನಿಮ್ಮ ದೇವಿ ನುಂಗಿದ್ದನ್ನ ಕಾರಿ ಕೊಡತೈತಿ. ನಿಮಗೂ ಹಂಗ ಬೇಕೇನ್ರಿ?"

ಎರಡು ದಿನ ಮಾಸ್ತರರಿಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಆಕೆ ಪಂಜರದ ಮುಂದೆ ಕಸ ಗುಡಿಸುತ್ತ, ಯಜಮಾನರು ಕಾಗದ ಓದುತ್ತಿಲ್ಲ, ಗೂಡಿಗೆ ಸಾಮಾನು ಕೂಡಿಸುತ್ತಿದ್ದಾರೆ, ಇದು ಬಾಣಂತನದ ತಯಾರಿ ಎಂದಳು. ಮಾಸ್ತರರು ನಕ್ಕರು. ಹೆಂಗಸರ ನಿರೀಕ್ಷಣೆಯ ದೌರ್ಬಲ್ಯದ ಬಗ್ಗೆ ಸಣ್ಣದೊಂದು ವ್ಯಾಖ್ಯಾನ ಮಾಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಷ್ಟಿಯಷ್ಟು ಹಕ್ಕಿಗೆ ತಿಳಿದದ್ದು ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ತಿಳಿಯಲಿಲ್ಲವಲ್ಲ ಎಂದೂ ಸೇರಿಸಿದರು.

ವೀರವ್ವ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅಂದಿನಿಂದ ತಾಟು ಬರುತ್ತಿತ್ತು, "ಉಣ್ರಿ" ಬರುತ್ತಿರಲಿಲ್ಲ. ಮಾತು ನಿಂತ ಮನೆಯಲ್ಲಿ ಹಕ್ಕಿಗಳ ಚಿಲಿಪಿಲಿ ಇನ್ನೂ ದೊಡ್ಡದಾಗಿ ಕೇಳತೊಡಗಿತು. ರೊಟ್ಟಿ ಮುರಿಯುತ್ತಿದ್ದ ಮಾಸ್ತರರು ಏನೋ ಕಡಿಮೆಯಾಗಿದೆ ಎಂದುಕೊಂಡು ಉಪ್ಪು ಹಾಕಿಕೊಂಡರು. ಕಡಿಮೆಯಾದದ್ದು ಉಪ್ಪಲ್ಲ.

ಅದೇ ತಿಂಗಳು ಹಾನಗಲ್ಲಿನಿಂದ ಕಾಗದ ಬಂತು. ಹಾನಗಲ್ಲು ವೀರವ್ವನ ತವರು. ಅಲ್ಲಿ ಮಹಿಳಾ ಸಮಾಜ ನಡೆಸುತ್ತಿದ್ದವಳು ಆಕೆಯ ಸೋದರತ್ತೆ ದಾನವ್ವ. ಮಾಸ್ತರರು ಬಂದು 'ಆದರ್ಶ ದಾಂಪತ್ಯ'ದ ಮೇಲೆ ನಾಲ್ಕು ಮಾತಾಡಬೇಕಂತೆ. ಮಾಸ್ತರರು ನಾಲ್ಕು ಮಾತಿಗೆ ನಲವತ್ತು ಪುಟ ಬರೆದರು. ಪ್ರತ್ಯಕ್ಷ ಪ್ರಮಾಣಕ್ಕೆ ಪಂಜರವನ್ನೂ ತೊಡೆಯ ಮೇಲಿಟ್ಟುಕೊಂಡು ಸರ್ವಿಸ್ ಮೋಟಾರು ಹತ್ತಿದರು. ವೀರವ್ವನೂ ಹತ್ತಿದಳು, ಟ್ರಂಕು ಸಮೇತ. ಒಂದು ದಿನದ ಭಾಷಣಕ್ಕೆ ಟ್ರಂಕು ಯಾಕೆಂದು ಕೇಳಿದ್ದಕ್ಕೆ, ತವರಲ್ಲಿ ಕೆಲವು ದಿನ ಇರುವುದಾಗಿ ಹೇಳಿದಳು. ಎಷ್ಟು ದಿನವೆಂದು ಹೇಳಲಿಲ್ಲ. ದಾರಿಯುದ್ದಕ್ಕೂ ಕೆರೆಗಳ ನೀರು ಕನ್ನಡಿಯಂತೆ ಹೊಳೆದು ಹಿಂದೆ ಸರಿಯುತ್ತಿತ್ತು. ಮಾಸ್ತರರು ಎರಡು ಸಲ ಟ್ರಂಕಿನ ಕಡೆ ತಿರುಗಿ ನೋಡಿದರು. ಆದರೆ ಕೈಯಲ್ಲಿ ನಲವತ್ತು ಪುಟಗಳಿದ್ದವು.

ಸಭೆ ತುಂಬಿತ್ತು. ಮೇಜಿನ ಮೇಲೆ ಪಂಜರ, ಪಕ್ಕದಲ್ಲಿ ಮಾಸ್ತರರು, ಮುಂದಿನ ಸಾಲಿನಲ್ಲಿ ಕನ್ನಡಕ ಹಾಕಿಕೊಂಡ ದಾನವ್ವ. ಹನ್ನೆರಡನೆಯ ಪುಟಕ್ಕೆ ಬರುವಷ್ಟರಲ್ಲಿ ದೇವಿ ಹೊತ್ತಿಗೆ ಸರಿಯಾಗಿ ತಲೆ ಬಾಗಿಸಿ ಉಣಿಸಿದಳು. ಹೆಂಗಸರು ಮೆಚ್ಚಿ ತಲೆದೂಗಿದರು. ಉತ್ತೇಜಿತರಾದ ಮಾಸ್ತರರು ಯಜಮಾನರತ್ತ ಕೈ ತೋರಿಸಿದರು. ಮೂಲೆಯಲ್ಲಿ ಮೈ ಮುದುಡಿ ಕೂತ ಆ ಗಾಂಭೀರ್ಯವನ್ನು ನೋಡಬೇಕು, ಸಂಸಾರದ ಭಾರ ಹೊತ್ತ ಪುರುಷನ ಚಿಂತನೆ ಹೀಗಿರುತ್ತದೆ ಎಂದು ವಿವರಿಸಿದರು.

ದಾನವ್ವ ಎದ್ದು ಪಂಜರದ ಹತ್ತಿರ ಬಂದು ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು.

"ಮಾಸ್ತರ್ರ," ಎಂದಳು ಮೆಲ್ಲಗೆ, "ನಿಮ್ಮ ಯಜಮಾನ್ರು ತತ್ತಿ ಇಟ್ಟಾರ್ರಿ."

ಸಭೆಯಲ್ಲಿ ಜೋಳದ ಚೀಲದ ಹೊಲಿಗೆ ಬಿಚ್ಚಿದಂತೆ ನಗೆ ಸುರಿಯಿತು. ಹಾಗಾದರೆ ಹೊತ್ತುಹೊತ್ತಿಗೆ ಬಾಗಿ ಬಾಗಿ ಉಣಿಸುವುದು ಗಂಡನೋ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಉತ್ತರ ಉಳಿದ ಇಪ್ಪತ್ತೆಂಟು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಮಾಸ್ತರರ ಕಣ್ಣು ವೀರವ್ವನನ್ನು ಹುಡುಕಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಣಿಯುತ್ತಿದ್ದವು.

ದಾನವ್ವ ತನ್ನ ಮನೆಯ ಹಿತ್ತಲ ಪಡಸಾಲೆಯಲ್ಲಿ ಪಂಜರಕ್ಕೆ ಜಾಗ ಮಾಡಿ, ಒಳಗೊಂದು ಪುಟ್ಟ ಗಡಿಗೆ ಕಟ್ಟಿದಳು. ಯಜಮಾನರು (ಹೆಸರು ಬದಲಿಸುವ ಧೈರ್ಯ ಮಾಸ್ತರರಿಗೆ ಇನ್ನೂ ಬಂದಿರಲಿಲ್ಲ) ಅದರೊಳಗೆ ಕಾಗದದ ಪಟ್ಟಿ ಸಾಗಿಸಿ ಕಾವಿಗೆ ಕೂತರು. ಈಗ ಪಂಜರ ಅಲುಗಿಸುವಂತಿಲ್ಲ, ಅದನ್ನು ನೋಡಿಕೊಳ್ಳಲು ವೀರವ್ವ ಇಲ್ಲೇ ಇರಬೇಕು ಎಂದಾಯಿತು. ನನ್ನ ಊಟದ ಗತಿಯೇನು ಎಂದು ಮಾಸ್ತರರು ಕೇಳಿದರು.

"ಹಕ್ಕಿ ಮಾಡಿದಂಗ ಮಾಡೂಣ್ರಿ," ಎಂದಳು ವೀರವ್ವ. ಒಂದು ತಿಂಗಳಲ್ಲಿ ಆಕೆ ಇಷ್ಟು ಮಾತಾಡಿದ್ದು ಅದೇ ಮೊದಲು. "ಹೆಣ್ಣು ಕುಂದರತೈತಿ. ಗಂಡು ತಂದು ತಿನಸತೈತಿ. ರವಿವಾರಕ್ಕೊಮ್ಮೆ ಬರ್ರಿ. ರೊಟ್ಟಿ ನಿಮ್ಮ ಕೈಯಾಗಿನವ ಇರಬೇಕು."

ಮೊದಲ ರವಿವಾರದ ರೊಟ್ಟಿಗೆ ಧಾರವಾಡ ಜಿಲ್ಲೆಯ ನಕಾಶೆಯ ಆಕಾರವಿತ್ತು. ಜಿಲ್ಲೆಯ ನಡುವಿದ್ದೂ ಜಿಲ್ಲೆಗೆ ಸೇರದ ಸವಣೂರ ಸಂಸ್ಥಾನದ ಜಾಗದಲ್ಲಿ ತೂತೂ ಇತ್ತು. ಎರಡನೆಯ ವಾರದ್ದು ದುಂಡಗಿತ್ತು, ಕರಿಹಲಗೆಯ ಬಣ್ಣಕ್ಕೆ ತಿರುಗಿತ್ತು. ಒಲೆಯ ಹೊಗೆಗೆ ಕಣ್ಣು ಕೆಂಪಾಗಿ, ಮುಂಗೈ ಹಂಚಿಗೆ ತಗುಲಿ ಸುಟ್ಟು, ಮಾಸ್ತರರಿಗೆ ಒಂದು ಮಾತು ತಿಳಿಯಿತು: ಹತ್ತು ರೊಟ್ಟಿ ಬಡಿದು ಎದ್ದವರ ಬಾಯಲ್ಲಿ ಸಕ್ಕರೆ ಉಳಿಯುವುದಿಲ್ಲ. ಇದನ್ನು ಅವರು ನೋಟುಬುಕ್ಕಿನಲ್ಲಿ ಬರೆಯಲಿಲ್ಲ. ಹಿಟ್ಟಿನ ಕೈಯಾಗಿತ್ತು.

ಆ ರವಿವಾರಗಳೇ ಬೇರೆ. ಹಿತ್ತಲಿನ ಪೇರಲ ಗಿಡದ ನೆರಳು ಪಡಸಾಲೆಗೆ ನಿಧಾನವಾಗಿ ಏರಿ ಬರುತ್ತಿತ್ತು. ಗಂಡುಹಕ್ಕಿ ಗಡಿಗೆಯ ಬಾಯಿಗೆ ಹೋಗಿ ತಲೆ ಬಾಗಿಸಿ ಉಣಿಸುತ್ತಿತ್ತು. ಮಾಸ್ತರರು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಡುವರು. ವೀರವ್ವ ತಿನ್ನುತ್ತ, ಹೆಣ್ಣುಹಕ್ಕಿ ಗದರಿಸುವುದು ಯಾವಾಗ, ಕಚ್ಚುವುದು ಯಾಕೆ, ಸುಮ್ಮನೆ ಭುಜಕ್ಕೆ ಒರಗುವುದು ಯಾವ ಹೊತ್ತಿನಲ್ಲಿ ಎಂದು ಒಂದೊಂದಾಗಿ ಹೇಳುವಳು. ಮಾಸ್ತರರು ಮೋಡ ನೋಡುವುದನ್ನೂ ಮರೆತು ಕೇಳುವರು. ಇಷ್ಟು ವರ್ಷ ಇಷ್ಟೆಲ್ಲ ಮಾತು ಈಕೆ ಎಲ್ಲಿ ಇಟ್ಟಿದ್ದಳೆಂದು ಅವರಿಗೆ ಸೋಜಿಗ.

ಏಳನೆಯ ರವಿವಾರ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ಬಂದಿತ್ತು. ಅದೇ ಹೆಮ್ಮೆಯಲ್ಲಿ ಮಾಸ್ತರರು, ತಿಂಗಳು ಮೀರಿತಲ್ಲ, ಮರಿ ಯಾವಾಗ ಹೊರಬರುತ್ತವೆ ಎಂದು ಕೇಳಿದರು.

ವೀರವ್ವ ತುತ್ತು ನುಂಗಿದಳು. "ಆ ತತ್ತಿ ಹುಸಿ ಇದ್ದುವ್ರಿ. ಅತ್ತಿ ಬಿಸಲಿಗೆ ಹಿಡದು ನೋಡಿ ತಗದು ನಾಕು ವಾರ ಆತು. ಅದು ಬರೇ ಗಡಿಗ್ಯಾಗ ಕುಂದ್ರತೈತಿ, ರೂಢಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ರೊಟ್ಟಿ ಸುಧಾರಸಾಕತ್ತಿದ್ದುವು," ಎಂದಳು ವೀರವ್ವ. "ನಡುವ ಯಾಕ ಕೆಡಸೂದಂತ ಸುಮ್ಮನಾದ್ನಿ. ಟ್ರಂಕು ಕಟ್ಟಿಟ್ಟೇನಿ, ನಡೀರಿ ಊರಿಗೆ. ಮುಂಜಾನಿ ರೊಟ್ಟಿ ನನ್ನವು, ಸಂಜಿ ರೊಟ್ಟಿ ನಿಮ್ಮವು."

ಸಂಜೆಯ ಮೋಟಾರಿನಲ್ಲಿ ಪಂಜರ ಮಾಸ್ತರರ ತೊಡೆಯ ಮೇಲಿತ್ತು, ಬುತ್ತಿಯ ಗಂಟು ವೀರವ್ವನ ತೊಡೆಯ ಮೇಲೆ. ಹೊಲಗಳ ಮೇಲೆ ಹೊಂಬಿಸಿಲು ಮಲಗಿತ್ತು. ಬಂಕಾಪುರ ದಾಟುವಾಗ ಮಾಸ್ತರರಿಗೆ ಪಕ್ಷಿಗಳ ವಿಷಯದಲ್ಲಿ ಹೊಸದೊಂದು ಸಿದ್ಧಾಂತ ಹೊಳೆಯಿತು. ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದರು. ವೀರವ್ವ ಆ ಬಾಯಿಗೆ ಒಂದು ತುಂಡು ರೊಟ್ಟಿ ತುರುಕಿ, ಕಿಟಕಿಯ ಹೊರಗೆ ನೋಡತೊಡಗಿದಳು.