ಕೊಳೆ ನೋಡಿ ಕೊಂಡ ವೈನ್

ಯಾವ ವೈನನ್ನು ಕೊಳ್ಳಬಾರದು ಎಂದು ಹೇಳಲು ನನಗಿಂತ ಅರ್ಹರು ಇಡೀ ನ್ಯೂಜೆರ್ಸಿಯಲ್ಲಿ ಯಾರಿದ್ದಾರೆ? ಹುಟ್ಟಿದಾಗಿನಿಂದ ಜಗತ್ತಿನ ಸಮಸ್ತ ವೈನುಗಳನ್ನೂ ದೂರವಿಟ್ಟವಳು ನಾನು!

ಬ್ರಿಡ್ಜ್‌ವಾಟರಿನ ನಮ್ಮ ಆಫೀಸಿನಲ್ಲಿ ಈ ಮಾತನ್ನು ಎದೆ ತಟ್ಟಿಕೊಂಡು ಹೇಳಿದೆ. ಮ್ಯಾನೇಜರ್ ಕ್ಯಾಥರೀನ್ ನಿವೃತ್ತಳಾಗುತ್ತಿದ್ದಳು. ಆಕೆ ಕೆಲಸಕ್ಕೆ ಸೇರಿದ್ದು 1989ರಲ್ಲಿ. ಅದೇ ವರ್ಷದ ಫ್ರೆಂಚ್ ವೈನೊಂದನ್ನು ಹರಾಜಿನಲ್ಲಿ ಹಿಡಿದು ಉಡುಗೊರೆ ಕೊಡೋಣ ಎಂದು ಗಂಡಸರೆಲ್ಲ ಸೇರಿ ತೀರ್ಮಾನಿಸಿದರು. ತೀರ್ಮಾನ ಅವರದು, ತಿರುಗಾಟ ಯಾರದು? ಬೀಳ್ಕೊಡುಗೆ, ಸೀಮಂತ, ಸಂತಾಪ ಯಾವುದೇ ಇರಲಿ, ಸಾಮಾನು ಹುಡುಕಿ ತರುವ ಕೆಲಸ ಆಫೀಸಿನಲ್ಲೂ ಹೆಂಗಸಿನದೇ!

"ಅಕ್ಕಾರ, ನೀವೇ ಹೋಗ್ರಿ," ಎಂದ ಧಾರವಾಡದ ಸಮೀರ್. "ನೀವು ಕುಡಿಯೂದಿಲ್ಲ. ಟೋಟಲಿ ಅನ್‌ಬಯಸ್ಡ್ ನೋಡ್ರಿ!"

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಬೇರೆ ಯಾರ ಬೀಳ್ಕೊಡುಗೆಯಾಗಿದ್ದರೂ ಒಪ್ಪುತ್ತಿರಲಿಲ್ಲ. ಮಗಳು ವಿಭಾ ಹುಟ್ಟಿದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತಿದ್ದವಳನ್ನು ಕರೆದು, "ಈ ನಡುವೆ ಏನು ಮಾಡುತ್ತಿದ್ದೆ?" ಎಂದು ಕೇಳದೆ ಕೆಲಸ ಕೊಟ್ಟವಳು ಕ್ಯಾಥರೀನ್. ಅವಳಿಗೆ ಕೆಟ್ಟ ಬಾಟಲಿ ಹೋಗಕೂಡದು!

ಹುಳಿ ಕುದಿಸುತ್ತಾ, ಬೀನ್ಸ್ ಹೆಚ್ಚುತ್ತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳೆಯ ವೈನ್ ಆರಿಸುವ ಪಾಠ ಕೇಳಿದೆ. ಬಾಟಲಿಯ ಭುಜಕ್ಕಿಂತ ಕೆಳಗೆ ವೈನ್ ಇಳಿದಿದ್ದರೆ ಬೇಡ. ಬಿರಡೆ ಮೇಲೆದ್ದಿದ್ದರೆ, ಸುತ್ತ ಅಂಟಂಟಾಗಿದ್ದರೆ ಬೇಡವೇ ಬೇಡ. ಬಿಸಿಲೋ ಸೆಕೆಯೋ ತಗುಲಿದೆ ಎಂದರ್ಥ. ಆದರೆ ಲೇಬಲ್ಲಿನ ಮೇಲೆ ಬೂಷ್ಟು, ಕಲೆ ಇದ್ದರೆ ಹೆದರಬಾರದು! ತಂಪಾದ ನೆಲಮಾಳಿಗೆಯಲ್ಲಿ ಹಾಯಾಗಿ ಮಲಗಿದ್ದ ವೈನಿಗೆ ಅದೇ ಯೋಗ್ಯತಾಪತ್ರ.

ಮಾರಿಸ್‌ಟೌನಿನ ಹರಾಜಿಗೆ ಗಂಡ ಶ್ಯಾಮನನ್ನೂ ಹೊರಡಿಸಿದೆ. ಮೊದಲು ಬಾಟಲಿಗಳನ್ನು ನೋಡಲು ಬಿಟ್ಟರು. ಫೋನಿನ ಟಾರ್ಚ್ ಹಿಡಿದು, ಮದುವೆಗೆ ಗಂಡು ನೋಡಲು ಬಂದ ಸೋದರತ್ತೆಯಂತೆ ಒಂದೊಂದರಲ್ಲೂ ಐಬು ಹುಡುಕಿದೆ.

"ರಾಜಿ, ಇದು ನೋಡೆ, ಎಷ್ಟು ಫಳಫಳ ಅಂತಿದೆ!" ಎಂದ ಶ್ಯಾಮ್.

"ಇಷ್ಟು ವಯಸ್ಸಾದ್ಮೇಲೂ ಫಳಫಳ ಅಂದ್ರೆ ಅದೇ ಅನುಮಾನ. ಮುಂದೆ ನಡಿ."

"ಈ ಮಾತು ನಾನು ಯಾವ ಹೆಂಗಸಿನ ಬಗ್ಗೆಯಾದ್ರೂ ಅಂದಿದ್ರೆ?"

"ಮನೆಗೆ ಹೋಗೋಕೆ ಬೇರೆ ಗಾಡಿ ನೋಡ್ಕೋಬೇಕಾಗ್ತಿತ್ತು!"

ಕೊನೆಗೆ ಸಿಕ್ಕಿತು. ವೈನ್ ಕುತ್ತಿಗೆಯವರೆಗೆ ತುಂಬಿತ್ತು, ಬಿರಡೆ ಭದ್ರವಾಗಿತ್ತು. ಲೇಬಲ್ ಮಾತ್ರ ಅಟ್ಟದ ಮೇಲೆ ಮರೆತ ಮಸಿಬಟ್ಟೆಯ ಹಾಗಿತ್ತು. ಆಹಾ, ಎಂಥ ಕೊಳೆ! ನಂಬರಿನ ಹಲಗೆಯನ್ನು ಕೆಳಗಿಳಿಸದೆ ಕೂಗಿ ಗೆದ್ದೆ.

ಗೆದ್ದ ಅಮಲಿನಲ್ಲಿ ಕಾರು ಹತ್ತಿದವಳ ಕಣ್ಣಿಗೆ ಶ್ಯಾಮನ ಹಳಸಿದ ಕಾಫಿ ಕಪ್ಪು ಬಿತ್ತು.

"ಇದು ನಿನ್ನ ಕಣ್ಣಿಗೆ ಕಾಣಲ್ವಾ?"

"ನೀನು ಹೇಳಿದ್ರೆ ತೊಳೀತೀನಪ್ಪ."

"ಹೇಳೋದೇ ಒಂದು ಕೆಲಸ ಕಣೋ! ಇಷ್ಟು ವರ್ಷ ತೊಳೆದೂ ತೊಳೆದೂ, ತೊಳಿ ಅಂತ ಹೇಳೋದೂ ನಾನೇನಾ? ಕೊಳೆ ಕಂಡ್ರೆ ತೊಳಿ. ನನ್ನ ಕೇಳ್ಬೇಡ!"

ದಾರಿಯುದ್ದಕ್ಕೂ ಭಾಷಣ ಮಾಡಿದೆ. ಶ್ಯಾಮ್ ಎಂದೂ ಇಲ್ಲದ ಹಾಗೆ ಗಮನವಿಟ್ಟು ಕೇಳಿದ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು.

ಮನೆಗೆ ಬಂದು ಬಾಟಲಿಯನ್ನು ಸಿಂಕಿನ ಪಕ್ಕ ಇಟ್ಟು, ಒಗೆದ ಬಟ್ಟೆ ಮಡಿಸಲು ಮಹಡಿಗೆ ಹೋದೆ. ಇಳಿದು ಬಂದಾಗ ಕುಕ್ಕರಿನ ಮುಚ್ಚಳಕ್ಕೂ ಹಾಲಿನ ಪಾತ್ರೆಗೂ ನಡುವೆ ಒಂದು ಬಾಟಲಿ ನೀರಿಳಿಯುತ್ತಾ ನಿಂತಿತ್ತು. ಮೈ ಮೇಲೆ ಕಾಗದದ ಚೂರಿಲ್ಲ! ಮೂವತ್ತೈದು ವರ್ಷದ ಬೂಷ್ಟು, ಹೆಸರು, ಊರು, ಇಸವಿ ಎಲ್ಲ ಸಿಂಕಿನ ಜಾಲರಿಯಲ್ಲಿ ಮುದ್ದೆಯಾಗಿ ಕುಳಿತಿತ್ತು.

"ತೊಳೆದೆ!" ಎಂದ ಶ್ಯಾಮ್, ಸ್ಕ್ರಬ್ಬರನ್ನು ಪದಕದ ಹಾಗೆ ಹಿಡಿದು. "ನೀನು ಹೇಳದೇನೇ!"

"ಇಷ್ಟು ವರ್ಷ ಒಂದು ಬಾಣಲೆ ಕಾಣ್ಲಿಲ್ಲ, ಇದೊಂದು ಕಾಣ್ತಾ ನಿಂಗೆ?"

"ಕೊಳೆ ಇತ್ತು ರಾಜಿ..."

"ಆ ಕೊಳೆಗೇ ಕಣೋ ದುಡ್ಡು ಕೊಟ್ಟಿದ್ದು!"

ಮೇಲಿನಿಂದ ಮಗಳು ಕೂಗಿದಳು: "ಅಮ್ಮಾ, ಹೀ ವಾಸ್ ಟ್ರೈಯಿಂಗ್!"

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಇನ್ಮೇಲೆ ನನ್ನ ಅಡುಗೆಮನೆಯಲ್ಲಿ ಏನನ್ನೂ ಮುಟ್ಟಬೇಡ!" ಎಂದು ಕಿರುಚಿದೆ. ನನ್ನ ಅಡುಗೆಮನೆ! ಅಡುಗೆಮನೆ ಹೆಣ್ಣಿನ ಸ್ವತ್ತಲ್ಲ ಎಂದು ಕಂಡ ಕಂಡ ಕನ್ನಡ ಕೂಟದಲ್ಲೆಲ್ಲ ಮೈಕು ಹಿಡಿದು ಸಾರಿದವಳ ಬಾಯಿಂದ ಬಂದ ಮಾತು! ಶ್ಯಾಮ್ ಸ್ಕ್ರಬ್ಬರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು ಹೊರಗೆ ಹೋದ.

ಪಾರ್ಟಿಯಲ್ಲಿ ಬತ್ತಲೆ ಬಾಟಲಿಯನ್ನು ಮುಂದಿಟ್ಟು, ನಡೆದದ್ದನ್ನೆಲ್ಲ ಒಪ್ಪಿಸಿದೆ. "ಒಳ್ಳೆ ಕೊಬ್ರಿ ಎಣ್ಣಿ ಬಾಟ್ಲಿ ಕಂಡಂಗ ಕಾಣ್ತದ," ಎಂದು ಸಮೀರ್ ಗೊಣಗಿದ. ಕ್ಯಾಥರೀನ್ ಬಿರಡೆ ತೆಗೆದಳು. ಬಿರಡೆಯ ಮೈ ಮೇಲೆ 1989 ಎಂದು ಅಚ್ಚಾಗಿತ್ತು! ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಅದ್ಭುತ," ಎಂದಳು. ಆಮೇಲೆ ಕಣ್ಣು ತೆರೆದು ಕೇಳಿದಳು: "ತಡಿ, ನಿನ್ನ ಗಂಡ ಇದನ್ನು ಯಾರೂ ಹೇಳದೆ ತಾನಾಗಿಯೇ ತೊಳೆದನಾ?"

"ಹೌದು, ಆದರೆ..."

"ತಾನಾಗಿಯೇ?" ಎಂದು ಆಫೀಸಿನ ಹೆಂಗಸರೆಲ್ಲ ಒಟ್ಟಿಗೆ ಉದ್ಗರಿಸಿದರು. ಗ್ಲಾಸುಗಳು ಮೇಲೆದ್ದವು. "ಶ್ಯಾಮ್‌ಗೆ ಜೈ!" ಪಾಠ ಕೇಳಿದವಳು, ಆರಿಸಿದವಳು, ಹರಾಜು ಕೂಗಿದವಳು ನಾನು, ಜಯಕಾರ ಲೇಬಲ್ ಕಿತ್ತವನಿಗೆ! ನಾನೂ ನನ್ನ ಆಪಲ್ ಜ್ಯೂಸ್ ಎತ್ತಿದೆ. ಹೊರಡುವಾಗ ಕ್ಯಾಥರೀನ್ ದೊಡ್ಡ ಕೇಕಿನ ತುಂಡೊಂದನ್ನು ಕಟ್ಟಿ, "ಇದು ಅವನಿಗೆ, ನೀನು ತಿನ್ನಬೇಡ," ಎಂದಳು.

ಮನೆಯಲ್ಲಿ ಶ್ಯಾಮ್ ಕೇಕನ್ನು ಸವಿದು ತಿಂದ. ತಟ್ಟೆಯನ್ನು ಸಿಂಕಿನ ಅಂಚಿಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದ.

"ತೊಳೆಯೋಣ ಅಂತಲೇ ಇದ್ದೆ," ಎಂದ ವಿನಯದಿಂದ, "ಆದ್ರೆ ನಿನ್ನ ಅಡುಗೆಮನೆ."

"ತಪ್ಪಾಯ್ತು ಕಣೋ. ಸಿಟ್ಟಲ್ಲಿ ಅಂದ್ಬಿಟ್ಟೆ. ಅಡುಗೆಮನೆ ನಿಂದೂ ಹೌದು."

ಶ್ಯಾಮ್ ನನ್ನ ಭುಜ ತಟ್ಟಿದ. ಅಷ್ಟು ಔದಾರ್ಯವನ್ನು ನಾನು ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ.

"ಪರವಾಗಿಲ್ಲ ಬಿಡು ರಾಜಿ," ಎಂದ. "ಪೂರ್ತಿ ನೀನೇ ಇಟ್ಕೋ!"