ರಾಜಿಯ ಸೈಕಲ್ ಬಾಣಂತನ

ಸೈಕಲ್ ತುಳಿದು ಸುಸ್ತಾಗಿ ಬಂದ ಹುಡುಗಿಗೆ ಯಾರಾದರೂ ಡಬ್ಬಿಯ ಪುಡಿ ಕೊಡುತ್ತಾರೆಯೇ, ನೀವೇ ಹೇಳಿ. ನನ್ನ ಮೊಮ್ಮಗಳು ರಾಜೇಶ್ವರಿ ನಸುಕಿನಲ್ಲೇ ಸೊಲ್ಲಾಪುರ ರಸ್ತೆಯ ಲಾರಿಗಳಿಗೆ ಪೈಪೋಟಿ ಕೊಟ್ಟು ಬರುತ್ತಾಳೆ. ಬಂದವಳೇ ಆ ಬಿಳಿ ಪುಡಿಯನ್ನು ನೀರಿಗೆ ಹಾಕಿ, ಗೋಡೆಗೆ ಸುಣ್ಣ ಕಲಸಿದಂತೆ ಕಲಸಿ ಕುಡಿಯುತ್ತಾಳೆ.

"ಏನ ಬೇ ಅದು?"

"ರಿಕವರಿ, ಆಯಿ. ಸೈಕಲ್ ಇಳದ ಅರ್ಧ ತಾಸಿನೊಳಗ ಹೊಟ್ಟಿಗೆ ಬೀಳಬೇಕು. ಇಲ್ಲಾಂದ್ರ ಮುಂದಿನ ರೇಸಿಗೆ ಕಾಲ ಏಳಂಗಿಲ್ಲ. ನಮ್ಮ ಕೋಚ್ ಅತೀಕ ಸರ್ ಹೇಳ್ಯಾರ."

ರಿಕವರಿಯಂತೆ! (ನಗಬ್ಯಾಡ ವಿದ್ಯಾವತಿ, ನಾ ಹೇಳಿದಂಗ ಬರಿ. ಇವಳು ನನ್ನ ಸೊಸೆ. ಅಕ್ಷರ ಮುತ್ತು, ಕಿಸಕ್ಕೆನ್ನುವ ಚಾಳಿ ಮಾತ್ರ ಬಿಟ್ಟಿಲ್ಲ.) ನನಗೆ ಗೊತ್ತಿರುವ ರಿಕವರಿ ಒಂದೇ, ಬಾಣಂತನ. ಎಲುಬು ಸಡಿಲ, ಮೈ ನೀರು, ಹೊಟ್ಟೆಯಲ್ಲಿ ಬೆಂಕಿ. ಎಲ್ಲವೂ ಅದೇ, ಕೂಸೊಂದಿಲ್ಲ ಅಷ್ಟೇ. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಸುರಿದು ಬಾಣಂತಿಗೆ ಕೊಡುವ ಅಂಟಿನ ಉಂಡಿ ಕಟ್ಟಿದೆ. ರಾಜಿಯ ಕಾಲಿಗೆ ಎಣ್ಣೆ ತಿಕ್ಕಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು ಹೊರಸಿನ ಮೇಲೆ ಮಲಗಿಸಿದೆ.

ವಾಸನೆ ಹಿಡಿದು ಪಕ್ಕದ ಮನೆಯ ರಹಿಮಾಬಿ ಬಂದಳು. "ಯಾರದ ಬಾಣಂತನ ನಡದೈತಿ ಶಂಕ್ರೆವ್ವಾ?"

"ನಮ್ಮ ರಾಜೀದು!" ಎಂದೆ ಹೆಮ್ಮೆಯಿಂದ.

ಮದುವೆಯಾಗದ ಹುಡುಗಿ! ರಹಿಮಾಬಿ ಕಟ್ಟೆಯ ಮೇಲೆ ಕುಸಿದೇಬಿಟ್ಟಳು. ತಿಳಿಹೇಳುವಷ್ಟರಲ್ಲಿ ಅರ್ಧ ತಾಟು ಉಂಡಿ ಅವಳ ರಿಕವರಿಗೇ ಖರ್ಚಾಯಿತು.

ಭಾನುವಾರ ಟಿಕೋಟಾದಲ್ಲಿ ಜಿಲ್ಲಾ ತಂಡದ ಆಯ್ಕೆ. ಬೆಳಿಗ್ಗೆ ಒಂದು ರೇಸ್, ಮಧ್ಯಾಹ್ನ ಇನ್ನೊಂದು. ಹೋದ ವರ್ಷ ಎರಡನೆಯದರಲ್ಲಿ ಕಾಲು ಹಿಡಿದು, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು ಕೂಸು. ಈ ಸಲ ಹಾಗಾಗಬಾರದೆಂದು ಅವಳ ಚೀಲದಿಂದ ಪುಡಿ ಡಬ್ಬಿ ತೆಗೆದು ಜೋಳದ ಚೀಲದ ಹಿಂದೆ ಮುಚ್ಚಿಟ್ಟೆ. ಬದಲಿಗೆ ಉಂಡಿ ಡಬ್ಬಿ ಇಡಬೇಕಿತ್ತು. ದೇವರ ಮುಂದಿಟ್ಟು ಕೈಮುಗಿದೆ. ಹುಡುಗಿ ಹೊರಟುಹೋದಳು. ಡಬ್ಬಿ ದೇವರ ಮುಂದೆಯೇ ಉಳಿಯಿತು!

ರಹಿಮಾಬಿಯ ಸೊಸೆ ಅಂಜುಮಳ ಸ್ಕೂಟಿ ಹತ್ತಿದೆ. "ರಾಜಿ ಸೈಕಲ್ ಇಳದ ಅರ್ಧ ತಾಸಿನೊಳಗ ಮುಟ್ಟಬೇಕು, ಹೊಡಿ ಯವ್ವಾ!"

"ಗಟ್ಟಿ ಹಿಡಕೋರಿ ಆಯಿ, ಹಂಪ್ ಬಂತು!"

ಒಂದೊಂದು ಹಂಪಿಗೂ ನನ್ನ ಸೊಂಟ ಒಂದೊಂದು ದೇವರನ್ನು ಕರೆಯಿತು.

ಟಿಕೋಟಾದಲ್ಲಿ ರಾಜಿ ಆಗಷ್ಟೇ ಸೈಕಲ್ ಇಳಿದು, ಬೇವಿನ ಗಿಡದ ಕೆಳಗೆ ಚೀಲ ಬೋರಲು ಹಾಕಿ ತಡಕಾಡುತ್ತಿದ್ದಳು. ಕಣ್ಣು ತುಂಬಿತ್ತು.

"ಆಯಿ, ನನ್ನ ಡಬ್ಬಿ?"

"ಜ್ವಾಳದ ಚೀಲದ ಹಿಂದ ಐತಿ. ಮೊದಲ ಇದನ್ನ ತಿನ್ನು."

ತಿಂದಳು. ನಕ್ಕಳು. ಇನ್ನೊಂದಕ್ಕೆ ಕೈ ಚಾಚಿದಾಗ ಅತೀಕ ಸರ್ ತಡೆದರು. "ಉಂಡಿ ಚಲೋ ಐತ್ರಿ ಆಯಿ. ಆದ್ರ ತುಪ್ಪ ಭಾಳ ಆತು, ಮಧ್ಯಾಹ್ನ ಹೊಟ್ಟಿ ಭಾರ ಆಕ್ಕೈತಿ. ಇನ್ನ ಬಾಳಿಹಣ್ಣು, ಮೊಸರನ್ನ ಸಾಕು."

ಬಾಣಂತಿಗೆ ಒಂದೇ ಉಂಡಿ! ಡಬ್ಬಿ ಮಡಿಲಲ್ಲಿಟ್ಟುಕೊಂಡು ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆ.

ರಾಜಿ ಆಯ್ಕೆಯಾದಳು. ನೋಡುವ ಭಾಗ್ಯ ನನಗಿರಲಿಲ್ಲ. ಕಟ್ಟೆಯಿಂದ ಏಳಹೋದರೆ ಸೊಂಟ ಒಲ್ಲೆಂದಿತು. ನಾಲ್ಕು ಜನ ಜೋಳದ ಚೀಲದಂತೆ ಹೊತ್ತು ಜೀಪಿಗೆ ಹಾಕಿದರು.

ಈಗ ನಾನು ಹೊರಸಿನ ಮೇಲೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಕಾಲಿಗೆ ಎಣ್ಣೆ ತಿಕ್ಕುವವಳು ಜಿಲ್ಲಾ ತಂಡದ ಆಟಗಾರ್ತಿ.

ಬಾಗಿಲಲ್ಲಿ ರಹಿಮಾಬಿ. "ಇವತ್ತ ಯಾರದ ಬಾಣಂತನ?"

"ನಮ್ಮ ಆಯೀದು!" ಎಂದಳು ರಾಜಿ, ಬಿಳಿ ಪುಡಿ ಕಲಸಿದ ಲೋಟ ನನ್ನ ಬಾಯಿಗೆ ಹಿಡಿದು. "ಕುಡಿ ಬೇ ಮುದುಕಿ, ಅರ್ಧ ತಾಸ ಆಗಾಕ ಬಂತು."

(ವಿದ್ಯಾವತಿ, ಇದೊಂದ ಬರೀಬ್ಯಾಡ: ರುಚಿ ಅಷ್ಟೇನ ಕೆಟ್ಟಿಲ್ಲ.)